ಒಂಟಿ ಬೊಂಬೆ ಕೊಡುವುದಿಲ್ಲ

ಒಂದೊಂದು ಕೈಗೆ ಒಂದೊಂದು ಹುಚ್ಚು ಇರುತ್ತದೆ. ಕೆಲವರ ಕೈ ಮಾತಾಡುವಾಗ ಪಕ್ಕದವರ ತೊಡೆ ತಟ್ಟುತ್ತದೆ. ನಮ್ಮ ಪಕ್ಕದ ಮನೆ ಪುಟ್ಟತಾಯಿಯ ಕೈ, ಯಾರ ಮನೆಯ ಸಾರೇ ಆಗಲಿ, ರುಚಿ ನೋಡದೆ ಉಪ್ಪು ಹಾಕುತ್ತದೆ. ನನ್ನ ಕೈಗಿರುವುದು ಜೋಡಿಯ ಹುಚ್ಚು. ಒಂಟಿಯಾಗಿ ಏನು ಕಂಡರೂ ಅದಕ್ಕೊಂದು ಜೊತೆ ಹುಡುಕುತ್ತದೆ. ಒಂದು ಸೋಪು ತರಲು ಹೋದರೆ ಎರಡು ತರುತ್ತೇನೆ. ಹೊಸ ಪೊರಕೆ ಮೂಲೆಯಲ್ಲಿ ಬಿಕೋ ಎಂದು ನಿಂತಿರುವುದು ಕಂಡರೆ ಮಾರನೆಯ ದಿನ ಇನ್ನೊಂದು ತಂದು ಅದರ ಪಕ್ಕ ನಿಲ್ಲಿಸುತ್ತೇನೆ. ಇಂಥ ನಾನು ಗಂಡ ಸತ್ತ ಮೇಲೆ ಇಷ್ಟು ವರ್ಷ ಒಬ್ಬಳೇ ಹಾಯಾಗಿದ್ದೇನಲ್ಲ ಎಂದು ಕೇಳಬೇಡಿ. ಅದಕ್ಕೂ ಜೊತೆ ಹುಡುಕುವಷ್ಟು ಹುಚ್ಚು ನನ್ನ ಕೈಗೂ ಇಲ್ಲ.

ನಮ್ಮದು ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಮನೆ. ಮಗ ನಂಜುಂಡ ಲೇತಿನ ಮುಂದೆ ಕೂತು ಆಲೆ ಮರ ಕಡೆಯುತ್ತಾನೆ, ತಿರುಗುವ ಮರಕ್ಕೇ ಬಣ್ಣದ ಅರಗು ಒತ್ತಿ ಮಿರಮಿರ ಮಿಂಚಿಸುತ್ತಾನೆ. ಸೊಸೆ ಸುಧಾ ಸೀರೆ, ಪೇಟ, ಜರಿ ಬರೆಯುತ್ತಾಳೆ. ಕಣ್ಣು, ಹುಬ್ಬು, ಬಾಯಿ ನನ್ನ ಪಾಲು. ಮೂರನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದವಳು ನಾನು. ನಾನು ಬರೆದ ಅಕ್ಷರ ಆಚೀಚೆ ವಾಲುತ್ತದೆ. ಬರೆದ ಹುಬ್ಬು ವಾಲುವುದಿಲ್ಲ. ಈ ಜೋಡಿಯ ಕಾನೂನು ನಮ್ಮತ್ತೆಯದು. ಕುದುರೆ, ಬುಗುರಿ, ಗಿಲಕಿ ಬೇಕಾದರೆ ಒಂಟಿಯಾಗಿ ಹೋಗಲಿ, ಮನುಷ್ಯರ ರೂಪದ ಬೊಂಬೆ ಮಾತ್ರ ನಮ್ಮ ಹೊಸಲನ್ನು ಒಂಟಿಯಾಗಿ ದಾಟಬಾರದು. ಗಂಡಿಗೊಂದು ಹೆಣ್ಣು, ಹೆಣ್ಣಿಗೊಂದು ಗಂಡು. ಎರಡರ ಸೊಂಟಕ್ಕೂ ಸೇರಿಸಿ ಅರಿಶಿನದ ದಾರ ಸುತ್ತಿ ಪೆಟ್ಟಿಗೆಗೆ ಹಾಕಬೇಕು. “ಒಂಟಿ ಬೊಂಬೆ ಇರೋ ಮನೇಲಿ ಹುಡುಗ್ರಿಗೆ ಸಂಬಂಧ ಕೂಡಿ ಬರಕಿಲ್ಲ ಕಣಮ್ಮಿ” ಎನ್ನುತ್ತಿದ್ದರು. ಹೀಗೆ ಮಾಡಿದರೆ ಒಂದು ಕೇಳಲು ಬಂದವರು ಎರಡು ಕೊಂಡು ಹೋಗುತ್ತಾರೆ ಎಂಬುದು ಅವರಿಗೆ ಹೊಳೆದಿರಲಿಲ್ಲ ಎಂದು ನಾನಂತೂ ಪ್ರಮಾಣ ಮಾಡಲಾರೆ.

ಗುಡುಗು ಗಿರಿ ನನಗೆ ಪರಿಚಯವಾದದ್ದೂ ಈ ಜೋಡಿಯ ಹುಚ್ಚಿನಿಂದಲೇ. ಮಾಗಡಿ ಕಡೆ ತಿಪ್ಪಸಂದ್ರದ ಹುಡುಗ. ರಾಕ್ ಸ್ಟಾರ್ ಅಂತೆ. ಡ್ರಮ್ಮುಗಳ ನಡುವೆ ಕೂತು ಬಾರಿಸುತ್ತ ಬಾರಿಸುತ್ತಲೇ ಕಿರುಚುತ್ತಿದ್ದ. ಬಾರಿಸುವ ಕೋಲು ಪದೇಪದೇ ಮುರಿಯುತ್ತಿದ್ದದ್ದರಿಂದ ಹೊಸದು ಕಡೆಸಲು ನಮ್ಮಲ್ಲಿಗೆ ಬರುತ್ತಿದ್ದ.

“ಒಂದೇ ಮುರಿದಿರೋದು ಅಜ್ಜಿ. ಒಂದೇ ಕೊಡಿ.”

“ಒಂಟಿ ಕೊಡಕಿಲ್ಲ. ಜೋಡಿ ತಗೊಂಡೋಗು.”

“ಇನ್ನೊಂದನ್ನ ಏನ್ ಮಾಡ್ಲಿ?”

“ಯಾರಿಗಾದ್ರೂ ಕೊಡು. ಇಲ್ಲ ನಿನ್ ತಲೆ ಕೆರ್ಕೊ. ಆ ಕೂದ್ಲೊಳಕ್ಕೆ ಕೈ ಓಗಕಿಲ್ಲ.”

ಅವನು ನಗುತ್ತ ಎರಡರ ದುಡ್ಡು ಕೊಟ್ಟು ಹೋಗುತ್ತಿದ್ದ. ಅವನ ಹಾಡು ಮಾತ್ರ ನನಗೆ ಹಿಡಿಸಲಿಲ್ಲ. ಮೊದಲ ಸಲ ನಂಜುಂಡ ಅದನ್ನು ಹಾಕಿದಾಗ ಲೇತಿನ ಬೇರಿಂಗು ಹೋಯಿತೆಂದುಕೊಂಡು ಓಡಿಹೋಗಿ ಸ್ವಿಚ್ಚು ಆರಿಸಿದೆ. ಲೇತು ನಿಂತಿತು, ಸದ್ದು ನಿಲ್ಲಲಿಲ್ಲ. ಆಮೇಲೆ ನನ್ನ ಮುಂದೆ ಅದನ್ನು ಹಾಕಕೂಡದೆಂದು ಕಟ್ಟಪ್ಪಣೆ ಮಾಡಿದೆ. ಅಂಥ ಗಂಟಲಿನವನು ಹೋದ ವರ್ಷ ಕಾಮಾಲೆ ಬಂದು ಸದ್ದಿಲ್ಲದೆ ಹೋಗಿಬಿಟ್ಟ. ಆ ದಿನ ನಂಜುಂಡ ಲೇತು ಮುಟ್ಟಲಿಲ್ಲ. ನಾನು ಅಳುವವಳಲ್ಲ. ಅವನಿಗೆಂದು ಕಡೆದಿಟ್ಟಿದ್ದ ಜೋಡಿ ಕೋಲನ್ನು ತೆಗೆದು ಗೋಡೆಯ ಗೂಡಿನಲ್ಲಿಟ್ಟೆ, ಅಷ್ಟೆ.

ವರ್ಷ ತುಂಬುತ್ತ ಬಂದಾಗ ಅವನ ಅಭಿಮಾನಿ ಬಳಗದ ಅಧ್ಯಕ್ಷ ಹರೀಶ ನಮ್ಮ ಮನೆಗೆ ಬಂದ. ರಾಮನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಹುಡುಗ. ಗಿರಿಯ ಹಾಗೆಯೇ ಭುಜದವರೆಗೆ ಕೂದಲು ಬಿಟ್ಟಿದ್ದ. ಗಿರಿಯಿಂದಾಗಿ ಈ ಸುತ್ತಿನ ಕ್ಷೌರದಂಗಡಿಗಳಿಗೆ ಆದ ನಷ್ಟವನ್ನು ಯಾರೂ ಮಾತಾಡುವುದಿಲ್ಲ. ರಾಮನಗರದಲ್ಲಿ ನೆನಪಿನ ಕಾರ್ಯಕ್ರಮ, ಬಂದ ಅಭಿಮಾನಿಗಳಿಗೆಲ್ಲ ಗಿರಿಯ ಬೊಂಬೆ, ಮೊದಲನೆಯದು ಸ್ಟೇಜಿನ ಮೇಲೆ ಅವನ ತಾಯಿ ಕೆಂಪಮ್ಮನ ಕೈಗೆ. ಇದು ಅವನ ಯೋಜನೆ. ಡ್ರಮ್ಮು ಗುಂಡಗಿರುವುದರಿಂದ ಲೇತಿಗೆ ಸುಲಭ ಎಂದು ನಂಜುಂಡ ಕುಣಿದಾಡಿದ. ಹರೀಶನ ಚಿಂತೆಯೆಲ್ಲ ಮುಖದ್ದು.

“ಮುಖ ಕೋಪದಲ್ಲಿರ್ಬೇಕು ಅಜ್ಜಿ. ಗಿರಿಯಣ್ಣ ಸ್ಟೇಜ್ ಮೇಲೆ ನಕ್ಕಿದ್ದೇ ಇಲ್ಲ.”

“ಹಸ್ದಿದ್ನೇನೋ.”

“ಅದು ಆಕ್ರೋಶ ಅಜ್ಜಿ. ಸಮಾಜದ ಮೇಲೆ.”

“ಸಮಾಜ ಏನ್ ಮಾಡಿತ್ತಪ್ಪ ಅವ್ನಿಗೆ? ಜೋಡಿ ತಗೊ ಅಂತ ಕಾಟ ಕೊಟ್ಟೋಳು ನಾನೊಬ್ಳೇ.”

ಆಗಲಿ ಎಂದು ಒಪ್ಪಿಕೊಂಡೆ. ಎಷ್ಟು ವರ್ಷದಿಂದ ನಗುಮುಖ ಬರೆದ ಕೈಯೋ, ಹುಬ್ಬು ಗಂಟಿಕ್ಕಿಸಿದರೂ ತುಟಿಯ ತುದಿ ಒಸಿ ಮೇಲೆ ಹೋಗೇ ಹೋಗುತ್ತಿತ್ತು. ಕೋಪದಲ್ಲಿರುವ ಗಿರಿ ಏನೋ ಜೋಕು ನೆನಪಾಗಿ ತಡೆದುಕೊಂಡವನಂತೆ ಕಂಡ. ಕೆಲಸ ಭರದಿಂದ ನಡೆಯಿತು. ಕೊನೆಯ ದಿನ ಎಲ್ಲವನ್ನೂ ಪೆಟ್ಟಿಗೆಗೆ ಹಾಕಿ, ಹರೀಶ ಕಳಿಸಿದ ವ್ಯಾನಿಗೆ ತುಂಬಿಸಿ, ಸೊಂಟ ನೀವಿಕೊಂಡು ಕಾಫಿ ಕುಡಿದೆವು.

ಕಾರ್ಯಕ್ರಮದ ಬೆಳಿಗ್ಗೆ ಸುಧಾ ಒಲೆ ಮುಂದೆ ಫೋನು ಹಿಡಿದು ನಿಂತಿದ್ದಳು. ಅದರಲ್ಲಿ ಹರೀಶ ಭಾಷಣ ಮಾಡುತ್ತಿದ್ದ: ಮದುವೆಯನ್ನೇ ಬೇಡವೆಂದು ಸಂಗೀತಕ್ಕೇ ಬದುಕು ಕೊಟ್ಟ ನಮ್ಮ ಗಿರಿಯಣ್ಣ, ಇತ್ಯಾದಿ. ಅವಳು ಉಪ್ಪಿಟ್ಟು ಕೆದಕುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

“ಅತ್ತೆ, ಗಿರಿಗೆ ಮದ್ವೆ ಆಗಿರ್ಲಿಲ್ವಾ?”

“ನಂಗೇನ್ ಗೊತ್ತು? ಯಾಕೆ?”

“ನಾವು ಪೆಟ್ಟಿಗೇಲಿ ಹೆಣ್ಣೂ ಇಟ್ಟಿದ್ದೀವಲ್ಲ!”

ಹರೀಶ ಹೆಣ್ಣಿನ ಮಾತೇ ಎತ್ತಿರಲಿಲ್ಲ. ನಂಜುಂಡ ಎಂದಿನಂತೆ ಒಂದು ಗಂಡು ಕಡೆದು ಒಂದು ಹೆಣ್ಣು ಕಡೆದಿದ್ದ. ಅವ್ವ ಮಾತಾಡಿಕೊಂಡಿರುತ್ತಾಳೆ ಎಂದುಕೊಂಡಿದ್ದ. ಗಂಡ ಕಡೆದನಲ್ಲ ಎಂದು ಸುಧಾ ಹಸಿರು ಸೀರೆ, ಕೆಂಪು ಕುಪ್ಪಸ ಬರೆದಿದ್ದಳು. ಸೊಸೆ ಬರೆದಳಲ್ಲ ಎಂದು ನಾನು ಕಣ್ಣಿಗೆ ಕಾಡಿಗೆ, ಹಣೆಗೆ ಕುಂಕುಮ ಇಟ್ಟಿದ್ದೆ. ಸಾಲದ್ದಕ್ಕೆ ಇಬ್ಬರ ಸೊಂಟಕ್ಕೂ ಅರಿಶಿನದ ದಾರ. ಮದುವೆಯಿಲ್ಲದೆ ಹೋದ ಮಗನಿಗೆ, ಅವನ ವರ್ಷದ ದಿನ, ಊರವರ ಮುಂದೆ, ಹೆತ್ತ ತಾಯಿಯ ಕೈಯಲ್ಲಿ ಹೆಂಡತಿಯನ್ನು ಕೊಡಿಸಲು ಹೊರಟಿದ್ದೆವು. ಅಭಿಮಾನಿಗಳು ನಾಲ್ಕು ಬಯ್ದರೆ ನಾನು ಎಂಟು ಬಯ್ಯಬಲ್ಲೆ, ಆ ಹೆದರಿಕೆಯಿಲ್ಲ. ಆದರೆ ಕೆಂಪಮ್ಮ ಏನೂ ಅನ್ನದೆ ಸುಮ್ಮನೆ ಆ ಪೆಟ್ಟಿಗೆ ನೋಡುತ್ತ ನಿಂತರೆ?

ಹರೀಶ ಫೋನು ಎತ್ತಲಿಲ್ಲ. ಉಪ್ಪಿಟ್ಟು ಒಲೆಯ ಮೇಲೆ ಬಿಟ್ಟು ಮೂವರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಂಜುಂಡ “ಹೆಣ್ಣುಗಳನ್ನೆಲ್ಲ ಎತ್ಕೊಂಡು ಬಂದ್ಬುಡಾಣ ಅವ್ವ” ಎಂದು ಒಂದೇ ಸಮನೆ ಹೇಳುತ್ತಿದ್ದ. ಮುಂದಿನ ಸೀಟಿನ ಹೆಂಗಸು ತಿರುಗಿ ನಮ್ಮನ್ನು ನೋಡಿದ ನೋಟ ನನಗಿನ್ನೂ ನೆನಪಿದೆ. ಅವಳು ಮುಂದಿನ ಸ್ಟಾಪಿನಲ್ಲೇ ಇಳಿದುಹೋದಳು.

ರಾಮನಗರದ ಸಮುದಾಯ ಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲೆಲ್ಲೂ ಕಪ್ಪು ಬನಿಯನ್ನು, ಕೂದಲು. ಯಾವುದು ಗಂಡು, ಯಾವುದು ಹೆಣ್ಣು ಎಂದು ಹಿಂದಿನಿಂದ ಹೇಳುವ ಹಾಗಿರಲಿಲ್ಲ. ಸ್ಟೇಜಿನ ಮೇಲೆ ಗಿರಿಯ ದೊಡ್ಡ ಪಟ, ಅದರ ಕೆಳಗೆ ನಮ್ಮ ಪೆಟ್ಟಿಗೆಗಳ ರಾಶಿ, ಪಕ್ಕದ ಕುರ್ಚಿಯಲ್ಲಿ ನೀಲಿ ಸೀರೆಯ ಸಣಕಲು ಹೆಂಗಸು, ಕೆಂಪಮ್ಮ. ನಂಜುಂಡನನ್ನು ಜನ ಮುಂದಕ್ಕೆ ಬಿಡಲಿಲ್ಲ. ನಾವು ಹಿಂದುಗಡೆ ಗೋಡೆಗೆ ಅಂಟಿಕೊಂಡು ನಿಂತೆವು. ಅಭಿಮಾನಿಗಳು ಒಬ್ಬೊಬ್ಬರಾಗಿ ಬಂದು ಗಿರಿಯಿಂದ ತಮಗೇನಾಯಿತು ಎಂದು ಹೇಳುತ್ತಿದ್ದರು. ಒಬ್ಬ ಅವನ ಹಾಡು ಕೇಳಿ ಕುಡಿತ ಬಿಟ್ಟನಂತೆ. ಅವನ ಹಿಂದೆಯೇ ಬಂದವನು ಅದೇ ಹಾಡು ಕೇಳಿ ಕುಡಿಯಲು ಶುರುಮಾಡಿದನಂತೆ. ಇಬ್ಬರಿಗೂ ಒಂದೇ ಸಮ ಚಪ್ಪಾಳೆ ಬಿತ್ತು.

ಆಮೇಲೆ ರೇಷ್ಮೆ ನೂಲು ತೆಗೆಯುವ ಮನೆಯ ಇಮ್ರಾನ್ ಎಂಬ ಹುಡುಗ ಬಂದ. ಈಗ ಅವನೂ ಒಂದು ಬ್ಯಾಂಡು ಕಟ್ಟಿದ್ದಾನೆ. “ರೇಷ್ಮೆ ಗೂಡು ಬೇಯಿಸೋನಿಗೆ ಡ್ರಮ್ ಯಾಕಪ್ಪಾ ಅಂತ ಎಲ್ರೂ ನಗೋರು. ಗಿರಿಯಣ್ಣ ಒಂದು ಕೋಲು ಕೈಗಿಟ್ಟು, ಹೊಡಿ, ತಪ್ಪಾದ್ರೂ ಯಾರಿಗೂ ಗೊತ್ತಾಗ್ದಿರೋ ಅಷ್ಟು ಜೋರಾಗಿ ಹೊಡಿ ಅಂದ್ರು. ಚನ್ನಪಟ್ಟಣದಲ್ಲಿ ಒಬ್ರು ಅಜ್ಜಿ ಯಾವಾಗ್ಲೂ ಒಂದು ಹೆಚ್ಗೆ ಕೊಡ್ತಾರೆ, ನೀನಿಟ್ಕೊ ಅಂದ್ರು” ಎಂದ. ಸಭೆಯಲ್ಲಿ ಅಲ್ಲಲ್ಲಿ “ನಂಗೂ ಕೊಟ್ಟಿದ್ರು, ನಂಗೂ” ಎಂದು ಕೈಗಳೆದ್ದವು. ಸುಧಾ ನನ್ನ ಸೆರಗು ಜಗ್ಗಿ “ಅತ್ತೆ, ನೀವೇ!” ಎಂದಳು. “ಹೆಚ್ಗೆ ಎಲ್ಲಿ ಕೊಟ್ಟೆ? ದುಡ್ಡು ಈಸ್ಕೊಂಡಿದ್ದೆ” ಎಂದೆ. ಹಾಗೆಂದು ಸೆರಗಿನಿಂದ ಮುಖ ಒರೆಸಿಕೊಂಡೆ. ಭವನದಲ್ಲಿ ಸೆಕೆಯೂ ಬಹಳವಿತ್ತು.

ಅಷ್ಟರಲ್ಲಿ ಹರೀಶ ಪೆಟ್ಟಿಗೆ ತೆರೆದ. ಒಳಗೆ ನೋಡಿದ. ಮುಚ್ಚಿದ. ಇನ್ನೊಂದು ತೆರೆದ, ಅದನ್ನೂ ಮುಚ್ಚಿದ. ಮೂರನೆಯದಕ್ಕೆ ಕೈ ಹಾಕುವ ಹೊತ್ತಿಗೆ ಮೊದಲನೆಯದನ್ನು ಕೆಂಪಮ್ಮ ಎತ್ತಿಕೊಂಡು ಆಗಿತ್ತು. ಮುಂದಿನ ಸಾಲಿನ ಹುಡುಗಿಯೊಬ್ಬಳು “ಯಾರದು ಅವಳು?” ಎಂದು ಅಳುವ ದನಿಯಲ್ಲಿ ಕೇಳಿದಳು. ಕೆಂಪಮ್ಮ ಬೊಂಬೆಗಳನ್ನು ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು.

“ಯಾರವ್ವ ಇದ್ನ ಮಾಡಿದ್ದು?”

ಕೈ ಎತ್ತಿದೆ. ಜನ ದಾರಿ ಬಿಟ್ಟರು. ಬೇಡವಾದಾಗ ಮಾತ್ರ ದಾರಿ ಬಿಡುತ್ತಾರೆ ನೋಡಿ. ಸ್ಟೇಜು ಹತ್ತಿ ಅವಳ ಮುಂದೆ ನಿಂತೆ.

“ತಪ್ಪಾಯ್ತು ಕಣಕ್ಕ. ನಮ್ಮನೇಲಿ ಒಂಟಿ ಬೊಂಬೆ ಮಾಡೋ ಪದ್ಧತಿ ಇಲ್ಲ. ಕೈ ತಾನಾಗೇ...”

“ಅದ್ನ ಕೇಳ್ಲಿಲ್ಲ ನಾನು. ಹೆಣ್ಣು ಯಾವೂರು?”

ನಾನು ಜನ್ಮದಲ್ಲಿ ಮೊದಲ ಬಾರಿಗೆ ತಡವರಿಸಿದೆ. “ಚನ್ನಪಟ್ಟಣ.”

“ಒಸಿ ಕುಳ್ಳಿ ಆದ್ಲು.”

“ಅದು... ಮರ ಅಷ್ಟೇ ಇತ್ತು.”

“ಇರ್ಲಿ ಬುಡು. ಇವ್ಳಾದ್ರೂ ತಲೆ ಬಾಚ್ಕೊಂಡವ್ಳೆ.” ಕೆಂಪಮ್ಮ ಸೊಂಟದ ದಾರವನ್ನು ಬೆರಳಲ್ಲಿ ಎಳೆದು, ಗಂಟು ಗಟ್ಟಿಯಾಗಿದೆಯೇ ಎಂದು ನೋಡಿದಳು. “ಎಷ್ಟ್ ಹೆಣ್ಣ್ ತೋರ್ಸುದ್ರೂ, ಪ್ರೋಗ್ರಾಮ್ ಐತೆ ಕಣವ್ವ, ಪ್ರೋಗ್ರಾಮ್ ಐತೆ ಅಂತ ಎದ್ದೋಯ್ತಿದ್ದ. ಈಗ ಎದ್ದೋಗ್ಲಿ ನೋಡಾಣ.” ಹಾಗೆಂದು ಬೊಂಬೆಯ ಮುಖ ನೋಡಿ, “ನಗು ತಡ್ಕೊಂಡಿರೋದ್ ನೋಡು. ಮನೇಲಿ ಹಿಂಗೇ ಇರ್ತಿದ್ದ, ಕಳ್ಳ” ಎಂದಳು.

ನಾನು ಅಂದು ಬಿಟ್ಟ ಉಸಿರು ಬಸ್ಸಿನಿಂದಲೇ ಹಿಡಿದುಕೊಂಡು ಬಂದದ್ದು. ಹರೀಶನ ಮುಖಕ್ಕೆ ರಕ್ತ ಬಂತು. ಪಟಕ್ಕೆ ಹಾಕಲು ತಂದಿದ್ದ ಹೂವಿನ ಎಸಳನ್ನು ಯಾರೋ ಬೊಂಬೆಗಳ ಮೇಲೆ ಎರಚಿದರು. ಇಮ್ರಾನ್ ಡ್ರಮ್ಮಿನ ಹಿಂದೆ ಹೋಗಿ ಕೂತು “ಗಟ್ಟಿಮೇಳ! ಗಟ್ಟಿಮೇಳ!” ಎಂದು ಕೂಗಿ ಬಾರಿಸಿದ ನೋಡಿ, ಗೋಡೆಯ ಸುಣ್ಣ ಉದುರಿತು. ಅಳಲು ಬಂದವರೆಲ್ಲ ಕುಣಿದರು. ಮುಂದಿನ ಸಾಲಿನ ಹುಡುಗಿ ಕಣ್ಣೊರೆಸಿಕೊಂಡು, ಆ ಬೊಂಬೆ ತನ್ನ ಹಾಗೇ ಇದೆ ಎಂದಳು. ಪಕ್ಕದವಳು ಇಲ್ಲ, ನನ್ನ ಹಾಗಿದೆ ಎಂದಳು. ನಾನು ನಡುವೆ ಬಾಯಿ ಹಾಕಲಿಲ್ಲ. ನಮ್ಮ ಮನೆಯ ಹೆಣ್ಣು ಬೊಂಬೆಗಳೆಲ್ಲ ವಯಸ್ಸಿನಲ್ಲಿದ್ದಾಗಿನ ನಮ್ಮತ್ತೆಯ ಹಾಗಿರುತ್ತವೆ.

ಎಲ್ಲ ಸುಖವಾಗಿ ಮುಗಿಯಿತು ಎಂದುಕೊಂಡೆ. ಹೆಣ್ಣು ಹೆರದ ನನಗೆ ಬೀಗಿತ್ತಿಯ ಮುಂದೆ ಕೈಕಟ್ಟಿ ನಿಲ್ಲುವ ಗ್ರಹಚಾರ ಇಲ್ಲ ಎಂದು ಇಷ್ಟು ಕಾಲ ನೆಮ್ಮದಿಯಾಗಿದ್ದವಳು ನಾನು. ಕೆಂಪಮ್ಮ ಆ ಜೋಡಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹಿಡಿದು ನಮ್ಮ ಮನೆಗೆ ಬರತೊಡಗಿದಳು. ಒಂದು ಸಲ “ನಿನ್ ಮಗ್ಳಿಗೆ ಮೂಗುತಿ ಇಲ್ಲ” ಎಂದಳು. ಮೂಗುತಿ ಬರೆದುಕೊಟ್ಟೆ. ಇನ್ನೊಂದು ಸಲ ಕುಂಕುಮ ಮಾಸಿತು ಎಂದಳು. ಮೊನ್ನೆ ಬಂದವಳು ಕಾಫಿ ಕುಡಿದು ಲೋಟ ಕೆಳಗಿಟ್ಟು, “ಇನ್ನೂ ಏನೂ ವಿಶೇಷ ಇಲ್ವಲ್ಲ ಬೀಗಿತ್ತಿ” ಎಂದು ಗೋಡೆಯ ಕಡೆ ನೋಡಿದಳು. ಬಾಯಿ ಮುಚ್ಚಿಸೋಣವೆಂದು ನಂಜುಂಡನಿಗೆ ಒಂದು ಮಗು ಕಡೆಯಲು ಹೇಳಿದೆ. ಅವನು ಯಾರ ಮಗ? ಎರಡು ಕಡೆದ.

“ಅವಳಿಯಾ!” ಎಂದು ಕೆಂಪಮ್ಮ ಎದ್ದು ನಿಂತಳು. “ಚೊಚ್ಚಲ ಬಾಣಂತನ ತವರುಮನೇದು ಕಣವ್ವ” ಎಂದು ಚೀಲದಿಂದ ಸೊಸೆಯನ್ನು ತೆಗೆದು ನನ್ನ ಗೂಡಿನಲ್ಲಿಟ್ಟಳು. ಹಿಂದೆಯೇ ಮಗನನ್ನೂ ತೆಗೆದಳು.

“ಇವ್ನು ಯಾಕೆ?” ಎಂದೆ.

“ಒಂಟಿಯಾಗಿ ಇಡಬಾರ್ದು ಅಂತ ಹೇಳ್ದೋಳು ನೀನೇ ಅಲ್ವಾ?”

ಹಾಗಾಗಿ ಈಗ ಗುಡುಗು ಗಿರಿ, ಹೆಂಡತಿ ಮಕ್ಕಳ ಸಮೇತ, ಅವನಿಗೆಂದು ನಾನು ಎತ್ತಿಟ್ಟಿದ್ದ ಜೋಡಿ ಕೋಲಿನ ಪಕ್ಕ, ನನ್ನ ಮನೆಯಳಿಯನಾಗಿ ಕೂತಿದ್ದಾನೆ. ಮರದ ಅಳಿಯ, ಬಾರಿಸುವುದಿಲ್ಲ, ಕಿರುಚುವುದಿಲ್ಲ, ಇಂಥ ಅಳಿಯ ಯಾರಿಗುಂಟು ಎಂದು ಸಮಾಧಾನ ಮಾಡಿಕೊಂಡಿದ್ದೆ. ನಿನ್ನೆ ಸಂಜೆ ಲೇತು ನಿಂತ ಮೇಲೆ ಮನೆ ತೀರಾ ಬಿಕೋ ಎನ್ನಿಸಿತು. ಗೂಡಿನ ಕಡೆ ನೋಡಿದರೆ ಅವನು ಅದೇ ನಗು ತಡೆದುಕೊಂಡು ನನ್ನನ್ನೇ ನೋಡುತ್ತಿದ್ದ. “ನಂಜುಂಡ, ಅದೇನೋ ಇವ್ನ ಹಾಡು ಐತಲ್ಲ, ಒಸಿ ಹಾಕು. ಮನೆಗೆ ಬಂದ ಅಳಿಯನ ಮುಂದೆ ಮೂತಿ ಬಿಗ್ಕೊಂಡು ಕೂತ್ರೆ ಚೆನ್ನಾಗಿರಕಿಲ್ಲ” ಎಂದೆ. ಹಾಕಿದ. ಬೇರಿಂಗು ಹೋದ ಸದ್ದೇ, ಏನೂ ಬದಲಾಗಿರಲಿಲ್ಲ. ಮುಗಿದ ಮೇಲೆ ನಂಜುಂಡ ಆರಿಸಲು ಹೋದ. “ಇನ್ನೊಂದು ಹಾಕು ಕಣ್ಲಾ” ಎಂದೆ.

ಅವನು ಬೆರಗಾಗಿ ನನ್ನನ್ನು ನೋಡಿದ. ಅದರಲ್ಲಿ ಬೆರಗಾಗುವುದೇನಿದೆ? ನಮ್ಮ ಮನೆಯಲ್ಲಿ ಒಂಟಿ ಹಾಡು ಕೇಳುವ ಪದ್ಧತಿ ಇಲ್ಲ.