ಪುರಾತನ ಹಿಟ್ಟಿನ ಸಂರಕ್ಷಣೆ

ತಿರುವಲ್ಲಿಕೇಣಿಯ ಕನ್ನಡಿಗರಲ್ಲಿ ಇತಿಹಾಸದ ತೀವ್ರ ಅಭಾವವಿದೆ ಎಂಬುದು ೧೯೫೮ರಲ್ಲಿ ಅಧಿಕೃತವಾಗಿ ಸಾಬೀತಾಯಿತು. ಸಾಬೀತು ಮಾಡಿದ್ದು ಮದರಾಸು ಕನ್ನಡಿಗರ ಪೂರ್ವಚರಿತ್ರೆ ಸಂರಕ್ಷಣಾ ಹಾಗೂ ವಿತರಣಾ ಸಂಘ. ಗತಕಾಲವನ್ನು ಕಾಪಾಡಿ ಎಲ್ಲರಿಗೂ ಹಂಚುವುದು ಸಂಘದ ಉದ್ದೇಶ. ಹಂಚುವುದಕ್ಕೆ ಬೀರುವಿನಲ್ಲಿ ಇದ್ದದ್ದು ಕಾರ್ಯದರ್ಶಿ ವಿಷ್ಣುತೀರ್ಥಾಚಾರ್ಯರ ತಾತನ ಪೇಟ ಒಂದೇ. ಅದನ್ನು ಹಂಚಲು ಮನೆಯವರು ಒಪ್ಪಿರಲಿಲ್ಲ.

ಅದೇ ಬೀದಿಯ ಮೂಲೆಯಲ್ಲಿ ಉಡುಪಿ ಕಡೆಯ ಐತಪ್ಪನ ಹೋಟೆಲು. ಅವನ ಕಷ್ಟ ಬೇರೆ. ರಸ್ತೆ ನೇರ್ಪಡಿಕೆ ಇಲಾಖೆಯವರು ಬಾಗಿಲಿಗೇ ನೋಟೀಸು ಅಂಟಿಸಿದ್ದರು: ಹೋಟೆಲು ರಸ್ತೆಗೆ ಚಾಚಿಕೊಂಡಿರುವುದರಿಂದ ಒಡೆಯಲಾಗುವುದು, ಪುರಾತನ ವಸ್ತು ಇರುವ ಕಟ್ಟಡಗಳಿಗೆ ಮಾತ್ರ ವಿನಾಯಿತಿ. ಐತಪ್ಪನಿಗೆ ಕೊನೆಯ ಸಾಲು ರುಚಿಸಿತು. ಹಳೆಯ ಮಾಲು ಬೇಕಾದ ಸಂಘ ನಾಲ್ಕು ಮನೆ ಆಚೆಗೇ ಇರುವಾಗ ಮಾಲು ಹುಟ್ಟಿಸದಿರುವುದು ವ್ಯಾಪಾರಿಗೆ ಭೂಷಣವಲ್ಲ.

ಹೊರಗಿನ ನೀರನ್ನೂ ಮುಟ್ಟದ ಆಚಾರ್ಯರನ್ನು ಕರೆತಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಲ್ಲಿಸಿ, ಕೊಳಗದ ಮುಚ್ಚಳ ತೆಗೆದ.

"ಇದು ಇಡ್ಲಿ ಹಿಟ್ಟಲ್ಲವೇನಯ್ಯಾ?"

"ನೋಡ್ಲಿಕ್ಕೆ ಹಿಟ್ಟು, ಆಚಾರ್ರೆ. ದಿನಾ ರುಬ್ಬಿದ್ದಕ್ಕೆ ನಿನ್ನೆಯದ್ದು ಒಂದು ಸೌಟು ಬೆರೆಸ್ತೇವೆ. ನಿನ್ನೆಯದ್ರಲ್ಲಿ ಮೊನ್ನೆಯದ್ದು ಉಂಟು. ನನ್ನ ಅಪ್ಪ ಹೋಟ್ಲು ತೆರೆದ ದಿನದ ಹಿಟ್ಟು ಇದ್ರೊಳಗೆ ಈಗಲೂ ಉಸಿರಾಡ್ತಾ ಉಂಟು."

"ಎಷ್ಟು ವರ್ಷ ಹಳೇದು?"

"ಇಲಾಖೆಗೆ ಎಷ್ಟು ಬೇಕಂತೆ?"

ಆಚಾರ್ಯರು ದೂರದಿಂದಲೇ ಮೂಸಿದರು. ಹುಳಿವಾಸನೆಗೆ ಅವರ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು. "ಸೆರಿ. ಆದರೆ ನಿನ್ನೇದು ಅಂದಮೇಲೆ ತಂಗಳು. ಸಂಘ ಮುಟ್ಟೋದು ಹ್ಯಾಗೆ?"

"ನಿನ್ನೆಯದ್ದು ತಂಗಳು, ಒಪ್ಪಿದೆ. ಅಪ್ಪನ ಕಾಲದ್ದಕ್ಕೆ ಯಾರಾದ್ರೂ ತಂಗಳು ಅಂತಾರಾ ಮಾರಾಯ್ರೆ? ನಿಮ್ಮ ತಾತನ ಪೇಟವನ್ನು ತಂಗಳು ಪೇಟ ಅಂತೀರಾ?"

ಆ ಸಂಜೆಯೇ ಐತಪ್ಪನ ವಿನಾಯಿತಿ ಅರ್ಜಿ ಇಲಾಖೆಗೆ ಹೋಯಿತು, ಸಂಘದಲ್ಲಿ ಠರಾವಾಯಿತು. ಸದರಿ ಹಿಟ್ಟು ಇತಿಹಾಸವೇ ಹೊರತು ಆಹಾರವಲ್ಲ; ಇತಿಹಾಸಕ್ಕೆ ಮುಸುರೆಯೂ ಇಲ್ಲ, ಮೈಲಿಗೆಯೂ ಇಲ್ಲ; ಇಡ್ಲಿ ತಿನ್ನುವುದನ್ನು ಇನ್ನುಮುಂದೆ ವಿತರಣೆ ಎನ್ನತಕ್ಕದ್ದು.

ಈ ಠರಾವಿನ ಆಳ ಏಕಾದಶಿಯ ದಿನ ತಿಳಿಯಿತು. ಉಪವಾಸದ ದಿನ ಆಹಾರ ನಿಷಿದ್ಧ; ಇತಿಹಾಸವನ್ನು ಯಾವ ಶಾಸ್ತ್ರವೂ ನಿಷೇಧಿಸಿಲ್ಲ. ಸಭೆಗೆ ಎಂದೂ ಕೋರಂ ಕಾಣದ ಸಂಘಕ್ಕೆ ಅಂದು ಬೆಳಿಗ್ಗೆಯೇ ಹೋಟೆಲಿನ ಮುಂದೆ, ಉಪವಾಸದ ಗುರುತಾಗಿ ಅಕ್ಷತೆಯಿಲ್ಲದ ಹಣೆಗಳ ಉದ್ದ ಸಾಲು.

"ನನಗೆ ಎರಡು ಪ್ಲೇಟು ಇತಿಹಾಸ. ಚಟ್ನಿ ಗಟ್ಟಿಯಾಗಿರಲಿ."

"ಆಚಾರ್ಯರೇ, ಚಟ್ನಿಯೂ ಇತಿಹಾಸವೇ?"

"ಅಡಿಟಿಪ್ಪಣಿ," ಎಂದರು ಆಚಾರ್ಯರು. ಬಾಯಿ ತುಂಬಿದ್ದರಿಂದ ವಿವರಿಸಲಿಲ್ಲ.

ಅಷ್ಟರಲ್ಲಿ ಹಾರೆ ಪಿಕಾಸಿ ಹೊತ್ತ ಆಳುಗಳೊಡನೆ ಇಲಾಖೆಯ ಎಂಜಿನಿಯರು ಪಂಢರಿನಾಥರಾಯರು ಬಂದಿಳಿದರು. ಅವರ ಹಣೆಯಲ್ಲೂ ಅಕ್ಷತೆ ಇರಲಿಲ್ಲ. ಐತಪ್ಪ ಅವರ ಮುಖವನ್ನೊಮ್ಮೆ ನೋಡಿದ. ಗಿರಾಕಿಯ ಹಸಿವನ್ನು ಮುಖದಲ್ಲಿ ಓದದವನು ಹೋಟೆಲು ಇಡಬಾರದು.

"ಪುರಾತನ ವಸ್ತು ಎಲ್ಲಿದೆಯಯ್ಯಾ? ನಾನು ಪರೀಕ್ಷಿಸಬೇಕು."

"ಪರೀಕ್ಷಿಸಿ ರಾಯರೇ. ಬಿಸಿ ಇರುವಾಗಲೇ ಪರೀಕ್ಷಿಸಿದ್ರೆ ಒಳ್ಳೇದು."

"ಇವತ್ತು ಏಕಾದಶಿ ಕಣಯ್ಯಾ!"

ಆಚಾರ್ಯರು ಒಂದು ಕೈಯಲ್ಲಿ ಠರಾವು, ಇನ್ನೊಂದರಲ್ಲಿ ತಟ್ಟೆ ಹಿಡಿದು ಮುಂದೆ ಬಂದರು. ರಾಯರು ಠರಾವನ್ನು ಅರ್ಧ ಓದಿದರು, ತಟ್ಟೆಯನ್ನು ಪೂರ್ತಿ. ವಸ್ತುವಿನ ಪ್ರಾಚೀನತೆ ನಾಲ್ಕನೆಯ ಇಡ್ಲಿಯಲ್ಲಿ ಖಚಿತವಾಯಿತು, ಐದನೆಯದು ಮರುಪರಿಶೀಲನೆಗೆ. ಆಳುಗಳಿಗೂ ವಿತರಣೆಯಾಯಿತು.

ಮರುದಿನ ಆಜ್ಞೆ ಬಂತು: ರಸ್ತೆಯು ಐತಪ್ಪನ ಹೋಟೆಲನ್ನು ಸುತ್ತುಬಳಸಿ ಹೋಗತಕ್ಕದ್ದು. ಆದರೆ ನೇರ್ಪಡಿಕೆ ಇಲಾಖೆ ಹಾಕಿದ ರಸ್ತೆ ಡೊಂಕಾಗಿರಲು ನಿಯಮದಲ್ಲಿ ಅವಕಾಶವಿಲ್ಲದ ಕಾರಣ ಅದನ್ನು ನೇರವೆಂದೇ ನಮೂದಿಸಲಾಯಿತು. ಆ ಪ್ರಕಾರ ಬೀದಿಯ ಉಳಿದ ಮನೆಗಳೆಲ್ಲ ಡೊಂಕೆಂದು ಕಂಡುಬಂದು, ಎಲ್ಲಕ್ಕೂ ನೋಟೀಸು ಜಾರಿಯಾಯಿತು.

ಯಾರೂ ಗಲಾಟೆ ಮಾಡಲಿಲ್ಲ. ಬೆಳಗಾಗುತ್ತಲೇ ಬೀದಿಗೆ ಬೀದಿಯೇ ಮುಚ್ಚಳದ ಪಾತ್ರೆ ಹಿಡಿದು ಹೋಟೆಲಿನ ಮುಂದೆ ಶಿಸ್ತಾಗಿ ನಿಂತಿತ್ತು. ಎಲ್ಲರಿಗಿಂತ ಮುಂದೆ ಎದುರುಮನೆಯ ವೆಂಕಟಲಕ್ಷ್ಮಮ್ಮ.

"ಎಂತ ಬೇಕಿತ್ತು ಅಮ್ಮ?" ಸೌಟು ತೊಳೆಯುತ್ತ ಐತಪ್ಪ ಕೇಳಿದ.

"ಒಂದು ಸೌಟು ಇತಿಹಾಸ ಹಾಕಪ್ಪ. ಹುಳಿ ಕೊಂಚ ಜಾಸ್ತಿನೇ ಇರಲಿ. ನಮ್ಮದು ಹಳೇ ಮನೆತನ."