ಗುಣಪಾಲರು ತಂದ ಅಂತರಿಕ್ಷ ಯುದ್ಧವನ್ನು ನೋಡಿ ‘ಇಷ್ಟೆಯಾ’ ಎನ್ನುವುದನ್ನು ನಿಷೇಧಿಸುವ ಬಗ್ಗೆ

ಸುತ್ತೋಲೆ ಸಂಖ್ಯೆ: ಅಂ.ಯು./ಪು./7/2007
ಕಚೇರಿ: (ಮುದ್ರೆ ಮಸುಕಾಗಿರುವುದರಿಂದ ಓದಲು ಬರುವುದಿಲ್ಲ)
ಸ್ಥಳ: ಪುತ್ತಿಗೆ
ದಿನಾಂಕ: 21-05-2007

ವಿಷಯ: ಶಾರ್ಜಾದಿಂದ ಆಗಮಿಸಿದ ಟಿವಿ ಆಟದ ಯಂತ್ರದ ಮುಂದೆ ಸಾರ್ವಜನಿಕರು ತೋರತಕ್ಕ ಬೆರಗಿನ ಪ್ರಮಾಣ.

ಉಲ್ಲೇಖ: (1) ಸದರಿ ಯಂತ್ರದ ಪೆಟ್ಟಿಗೆಯ ಮುಚ್ಚಳದ ಚಿತ್ರ. (2) ಲೋಲಾಕ್ಷಿಯವರು ಬೇಲಿಯ ಆಚೆಯಿಂದ ಸಲ್ಲಿಸಿದ ಮೌಖಿಕ ಅಭಿಪ್ರಾಯ. (3) ಅದನ್ನು ಅವರು ಈವರೆಗೂ ಹಿಂಪಡೆಯದಿರುವುದು.

ಪೀಠಿಕೆ:

ಹನ್ನೊಂದು ವರ್ಷಗಳಿಂದ ಶಾರ್ಜಾದ ಗೋದಾಮಿನಲ್ಲಿ ದುಡಿಯುತ್ತಿರುವ ಶ್ರೀ ಗುಣಪಾಲರು ರಜೆಯಲ್ಲಿ ಊರಿಗೆ ಬರುವ ಮುನ್ನ ಫೋನಿನಲ್ಲಿ, “ಈ ಸಲ ಒಂದು ಯುದ್ಧ ತರ್ತಾ ಇದ್ದೇನೆ. ಆಕಾಶದಲ್ಲಿ ಆಗುವಂಥದ್ದು. ಟಿವಿ ಒರಸಿ ಇಡಿ” ಎಂದು ಮುನ್ಸೂಚನೆ ನೀಡಿರುತ್ತಾರೆ. ಹಳೆ ಸಾಮಾನಿನ ಅಂಗಡಿಯಿಂದ ತಂದ, ಇಪ್ಪತ್ತು ವರ್ಷ ಹಿಂದಿನ ಆ ಯಂತ್ರದ ಮುಚ್ಚಳದಲ್ಲಿ ನಾನೂರು ನೌಕೆಗಳು, ಉರಿಯುತ್ತಿರುವ ಮೂರು ಗ್ರಹಗಳು ಹಾಗೂ ಹಲ್ಲು ಕಚ್ಚಿ ನಿಂತ ಒಬ್ಬ ಸೇನಾಪತಿ ಇರುವುದನ್ನು ಇಲಾಖೆಯು ಎಣಿಸಿ ದೃಢಪಡಿಸಿಕೊಂಡಿದೆ. ಪೆಟ್ಟಿಗೆ ಬಿಚ್ಚಿದ ದಿನ, ಸೀತಾಂಗೋಳಿಯಿಂದ ಜೀಪು ಮಾಡಿಕೊಂಡು ಬಂದವರೂ ಸೇರಿ, ಅವರ ಅಂಗಳದಲ್ಲಿ ಹದಿನಾಲ್ಕು ಸಾವಿರ ಜನ ನೆರೆದಿದ್ದರು. ಅಂಗಳ ಅಷ್ಟು ದೊಡ್ಡದಿಲ್ಲವೆಂಬ ಆಕ್ಷೇಪವು ಅಸೂಯೆಯಿಂದ ಕೂಡಿದ್ದೆಂದು ತಿರಸ್ಕೃತವಾಗಿದೆ.

ಗುಂಡಿ ಒತ್ತಿದಾಗ ಪರದೆಯ ಕೆಳಗೆ ಒಂದು ತ್ರಿಕೋನವೂ ಮೇಲೆ ಮೂರು ಚುಕ್ಕೆಗಳೂ ಕಾಣಿಸಿಕೊಂಡವು. ತ್ರಿಕೋನವು ಚುಕ್ಕೆಗಳಿಗೆ ಹೊಡೆಯಿತು. ಚುಕ್ಕೆಗಳು ಹೋದವು. ಬೇರೆ ಮೂರು ಚುಕ್ಕೆಗಳು ಬಂದವು. ಆಗ ಸಭೆಯಲ್ಲಿ “ಇಷ್ಟೆಯಾ?” ಎಂಬ ಮಾತು ಕೇಳಿಬಂತು. ಗುಣಪಾಲರ ಕಿವಿ ಕೆಂಪೇರಿದ್ದು ಮಂಜೇಶ್ವರದವರೆಗೆ ಕಂಡಿದೆ. “ಇದು ಸುರು ಮಾತ್ರ ಮಾರಾಯ್ರೆ. ಮುಚ್ಚಳದಲ್ಲಿ ಇರುವುದೆಲ್ಲ ಕೊನೆಗೆ ಬರ್ತದೆ” ಎಂದು ಅವರು ಕೂಡಲೇ ಘೋಷಿಸಿದರು. ಆ ಕೊನೆಗಾಗಿ ಇಡೀ ಊರು ಕಾಯತೊಡಗಿತು. ರಜೆಯಲ್ಲಿ ಇನ್ನು ಇಪ್ಪತ್ತು ದಿನ ಉಳಿದಿದ್ದು, ಅಷ್ಟು ದಿನವೂ ಸದರಿಯವರು ತಲೆಯೆತ್ತಿ ಪೇಟೆಗೆ ಹೋಗಿಬರುವಂತಾಗಲೆಂಬ ಏಕೈಕ ಉದ್ದೇಶದಿಂದ ಕೆಳಗಿನಂತೆ ಆಜ್ಞಾಪಿಸಲಾಗಿದೆ.

1. ‘ಇಷ್ಟೆಯಾ’ ಎಂಬ ಪದದ ಬಳಕೆಯನ್ನು ಗುಣಪಾಲರ ಮನೆಯಿಂದ ಮೂರು ಕಿಲೋಮೀಟರ್ ವ್ಯಾಪ್ತಿಯಲ್ಲಿ ನಿಷೇಧಿಸಲಾಗಿದೆ. ‘ಮತ್ತೆಂತ ಉಂಟು’ ಎಂಬುದಕ್ಕೂ, ಪ್ರಶ್ನಾರ್ಥಕವಾದ ಕೆಮ್ಮಿಗೂ ಇದು ಅನ್ವಯಿಸುತ್ತದೆ. ಮದುವೆ ಊಟದಲ್ಲಿ ಹೋಳಿಗೆ ಬಡಿಸುವಾಗ ಮಾತ್ರ ವಿನಾಯಿತಿ ಇರುತ್ತದೆ.

2. ಚುಕ್ಕೆಗಳನ್ನು ಇನ್ನು ಮುಂದೆ ‘ಶತ್ರು ನೌಕಾಪಡೆ’ ಎಂದೇ ಸಂಬೋಧಿಸತಕ್ಕದ್ದು. “ಎಂತ ಗುಣಪಾಲ, ಟಿವಿಗೆ ನೊಣ ಕೂತದ್ದಾ? ಒರಸಿದ್ದೆವಲ್ಲ” ಎಂಬ ಲೋಲಾಕ್ಷಿಯವರ ಅಭಿಪ್ರಾಯವನ್ನು ಕಡತದಲ್ಲಿ ತಲೆಕೆಳಗಾಗಿ ಇರಿಸಲಾಗಿದೆ. ಅವರು ಗುಣಪಾಲರ ಸೋದರತ್ತೆಯಾಗಿರುವುದರಿಂದ ಹೆಚ್ಚಿನ ಕ್ರಮ ಕೈಗೊಳ್ಳುವ ಧೈರ್ಯ ಇಲಾಖೆಗೆ ಇರುವುದಿಲ್ಲ.

3. ಬೆರಗುಗೊಳ್ಳುವಾಗ ಹತ್ತಿರದ ಸಂಬಂಧಿಕರು ಎರಡು ಅಂಗುಲವೂ, ನೆರೆಕರೆಯವರು ಒಂದು ಅಂಗುಲವೂ ಬಾಯಿ ತೆರೆಯತಕ್ಕದ್ದು. ಸದರಿ ರಜೆಯಲ್ಲಿ ಸೆಂಟು, ಸಾಬೂನು ಅಥವಾ ಟಾರ್ಚು ಪಡೆದವರು ಹೆಚ್ಚುವರಿ ಅರ್ಧ ಅಂಗುಲ ತೆರೆಯಲು ಬದ್ಧರು. ಬಾಯಲ್ಲಿ ವೀಳ್ಯ ಇರುವವರು ಹುಬ್ಬಿನಿಂದ ನಿರ್ವಹಿಸಬಹುದು. ಅಳತೆಗಾಗಿ ಅಟೆಂಡರ್ ಪೂವಪ್ಪನನ್ನು ಅಡಿಕೋಲು ಸಮೇತ ಮೊದಲ ದಿನವೇ ನೇಮಿಸಲಾಗಿದೆ.

4. ಸಂಜೆಯ ಅರ್ಧ ಗಂಟೆ ಕರೆಂಟು ಹೋದಾಗ, ಅದೇ ಎರಡನೇ ಹಂತವೆಂದು ಭಾವಿಸಿ ಸಭೆಯು ಕಪ್ಪು ಪರದೆಯನ್ನು ಪೂರ್ತಿಯಾಗಿ ವೀಕ್ಷಿಸಿದ್ದು ವರದಿಯಾಗಿದೆ. “ಇದು ಅಡ್ಡಿಯಿಲ್ಲ. ಆಕಾಶ ಸರಿ ಕಾಣ್ತದೆ” ಎಂದು ಗುಣಪಾಲರ ಮಾವ ಹೊನ್ನಯ್ಯನವರು ಮೆಚ್ಚಿಕೊಂಡಿರುತ್ತಾರೆ. ಸದರಿ ಮೆಚ್ಚುಗೆಯನ್ನು ಕರೆಂಟು ಇರುವ ವೇಳೆಗೆ ವರ್ಗಾಯಿಸಲಾಗಿದೆ.

5. ಇದೇ ಹೊನ್ನಯ್ಯನವರು ತಮ್ಮ ಸರದಿ ಬಂದಾಗ, “ಅದು ಸುಮ್ಮನೆ ಅದರ ಪಾಡಿಗೆ ಹೋಗ್ತಾ ಉಂಟು. ಎಂತಕ್ಕೆ ಹೊಡೆಯುವುದು?” ಎಂದು ನಡುವಿನ ಚುಕ್ಕೆಗೆ ಗುಂಡು ಹಾರಿಸಲು ನಿರಾಕರಿಸಿದ್ದರಿಂದ ಯುದ್ಧವು ಒಂದು ಗಂಟೆ ಹತ್ತು ನಿಮಿಷ ಸ್ಥಗಿತಗೊಂಡಿತು. ಅಷ್ಟು ಕಾಲ ಒಂದೇ ಜಾಗದಲ್ಲಿ ಓಡಾಡಿಕೊಂಡಿದ್ದ ಸದರಿ ಚುಕ್ಕೆಯನ್ನು ಪಂಚಾಯತಿನ ತಾತ್ಕಾಲಿಕ ನಿವಾಸಿಯೆಂದು ಪರಿಗಣಿಸಲಾಗಿದೆ. ಅದರ ರೇಷನ್ ಕಾರ್ಡಿನ ಅರ್ಜಿಯು ಭಾವಚಿತ್ರ ಸ್ಪಷ್ಟವಿಲ್ಲದ ಕಾರಣ ಹಿಂದಿರುಗಿದೆ.

6. ಮೊದಲ ದಿನ ‘ಇಷ್ಟೆಯಾ’ ಎಂದವರನ್ನು ಪತ್ತೆಹಚ್ಚಲು ಪೂವಪ್ಪನು ಹದಿನಾಲ್ಕು ಸಾವಿರ ಜನರನ್ನೂ ಒಂದೇ ಮಧ್ಯಾಹ್ನದಲ್ಲಿ ವಿಚಾರಿಸಿದ್ದಾನೆ. ಆಟದ ಹಿಡಿಕೆ ಯಾರ ಕೈಯಲ್ಲಿತ್ತೋ ಅವರ ಬಾಯಿಂದಲೇ ಆ ಮಾತು ಹೊರಟಿತೆಂದು, ಅರ್ಥಾತ್ ಗುಣಪಾಲರೇ ಹಾಗೆಂದರೆಂದು ರುಜುವಾತಾಗಿದೆ. ಯಂತ್ರ ಕೊಂಡ ಅಂಗಡಿಯಲ್ಲಿ ಟಿವಿ ಇಲ್ಲದ್ದರಿಂದ ಅವರೂ ಅಂದೇ ಮೊದಲ ಬಾರಿಗೆ ನೋಡಿದ್ದು. ಸದರಿಯವರ ವೀಸಾ ಇನ್ನೂ ಚಾಲ್ತಿಯಲ್ಲಿರುವ ಕಾರಣ ಆ ಮಾತನ್ನು ಶಾರ್ಜಾದಲ್ಲಿ ಆಡಿದ್ದೆಂದು ಪರಿಗಣಿಸಿ ಕಡತವನ್ನು ಮುಚ್ಚಲಾಗಿದೆ.

7. (ಗೋಪ್ಯ) ದಿನಾಂಕ 18ರಂದು ಅಪರಾಹ್ನ ಗುಣಪಾಲರು ಕುಂಬಳೆಗೆ ಹೋಗಿದ್ದಾಗ, ಅವರ ಪತ್ನಿ ಶ್ರೀಮತಿ ಕಮಲರು ಬೀಡಿ ಸುತ್ತುವುದನ್ನು ಬದಿಗಿಟ್ಟು ಆಟಕ್ಕೆ ಕುಳಿತು, ಒಂದೇ ಒಂದು ಸಲವೂ ಸಾಯದೆ 9999 ಅಂಕಗಳನ್ನು ತಲುಪಿದರು. ಭೂಮಂಡಲದಲ್ಲಿ ಹೀಗೆ ಮಾಡಿದವರು ಇನ್ನೊಬ್ಬರಿಲ್ಲವೆಂದು ಇಲಾಖೆಯ ಅಂಬೋಣ. ಆಗ ಅಂಕಪಟ್ಟಿಯು 0000 ಎಂದು ತಿರುಗಿತು. ಮೇಲೆ ಮತ್ತೆ ಮೂರು ಚುಕ್ಕೆಗಳು ಬಂದವು. ಗ್ರಹವಾಗಲಿ ಸೇನಾಪತಿಯಾಗಲಿ ಬರಲಿಲ್ಲ. ಅಳತೆಗೆಂದು ಬಂದಿದ್ದ ಪೂವಪ್ಪ ಸಾಕ್ಷಿಯಾಗಿದ್ದು, ಅವನ ಬಾಯಿ ಅಂದು ನಾಲ್ಕು ಅಂಗುಲ ತೆರೆದಿತ್ತು.

ಆಕೆ ಕೊನೆ ಮುಟ್ಟಿದರೆಂಬ ಸುದ್ದಿ ಪೂವಪ್ಪನಿಂದ ಸೋರಿಕೆಯಾಗಿ, ಸಂಜೆ ಚಹಾದ ಹೊತ್ತಿಗೆ ಗುಣಪಾಲರು ತಗ್ಗಿದ ಸ್ವರದಲ್ಲಿ, “ಕೊನೆಗೆ ಎಂತ ಉಂಟು ಕಮಲ, ಏನಾದರೂ ಉಂಟಾ?” ಎಂದು ವಿಚಾರಿಸಿದರು. ಕಮಲರು ಬೀಡಿಯಿಂದ ಕಣ್ಣೆತ್ತದೆ, “ಉಂಟು. ಮುಚ್ಚಳದಲ್ಲಿ ಇದ್ದ ಹಾಗೆಯೇ ಉಂಟು. ಆ ಹಲ್ಲು ಕಚ್ಚಿದವನು ಸಹ ಬಂದ. ನೀವು ಚಾ ಕುಡೀರಿ, ಆರ್ತದೆ” ಎಂದು ಹೇಳಿಕೆ ನೀಡಿದರು. ಮರುದಿನ ಗುಣಪಾಲರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೊದಲ ಬಸ್ಸಿಗೇ ಸೀತಾಂಗೋಳಿಗೆ ತೆರಳಿದರು. ಮಧ್ಯಾಹ್ನದೊಳಗೆ ಅವರ ವರ್ಣನೆಯಲ್ಲಿ ನೌಕೆಗಳ ಸಂಖ್ಯೆ ಆರುನೂರಕ್ಕೆ ಏರಿದ್ದು ಇಲಾಖೆಯ ಗಮನಕ್ಕೆ ಬಂದಿದೆ.

8. ಶ್ರೀಮತಿ ಕಮಲರ ಹೇಳಿಕೆಯನ್ನೇ ಆಟದ ಅಧಿಕೃತ ಅಂತ್ಯವೆಂದು ಅಂಗೀಕರಿಸಲಾಗಿದೆ. ಇದನ್ನು ಯಾರೂ ಪರಿಶೀಲಿಸತಕ್ಕದ್ದಲ್ಲ. 9990 ಅಂಕ ತಲುಪಿದವರು ಟಿವಿ ಆರಿಸಿ, ಚಪ್ಪಾಳೆ ತಟ್ಟಿ, ತಮ್ಮ ತಮ್ಮ ಮನೆಗೆ ತೆರಳತಕ್ಕದ್ದು.

(ಸಹಿ)
ಅಂತರಿಕ್ಷ ವಿಭಾಗದ ಪ್ರಭಾರ ಅಧಿಕಾರಿ
(ಹೆಸರಿಗೆ ಕಾಗದ ಸಾಲಲಿಲ್ಲ)

ಪ್ರತಿಗಳು:
1. ಶ್ರೀಮತಿ ಲೋಲಾಕ್ಷಿ: ಬೇಲಿಯ ಮೂಲಕ.
2. ಶ್ರೀ ಹೊನ್ನಯ್ಯ: ನಡುವಿನ ಚುಕ್ಕೆಗೆ ಓದಿ ಹೇಳುವ ಕೋರಿಕೆಯೊಂದಿಗೆ.
3. ಮುಚ್ಚಳದ ಚಿತ್ರ ಬರೆದವರು, ವಿಳಾಸ ಸಿಕ್ಕಿದಲ್ಲಿ: ಆಟವನ್ನೂ ತಾವೇ ಮಾಡಬಹುದಿತ್ತೆಂಬ ಟಿಪ್ಪಣಿಯೊಂದಿಗೆ.
4. ಅಟೆಂಡರ್ ಪೂವಪ್ಪ: ಬಾಯಿ ಮುಚ್ಚಿಕೊಳ್ಳುವ ಬಗ್ಗೆ.
5. ಶ್ರೀ ಗುಣಪಾಲ: ಆರರಿಂದ ಎಂಟರವರೆಗಿನ ಕಲಮುಗಳನ್ನು ಕತ್ತರಿಸಿ ತೆಗೆದ ಪ್ರತಿ. ಕತ್ತರಿಸಿದವರು ಶ್ರೀಮತಿ ಕಮಲ, ಬೀಡಿ ಎಲೆಯ ಕತ್ತರಿಯಿಂದ.