ಮಾವನ ಕಿಟಕಿ ಸೀಟು

ನಮ್ಮ ಸೋದರಮಾವನಿಗೆ ಕಿಡ್ನಿ ಕೊಡುವುದು ಸುಲಭ, ಸೀಟು ಬಿಡುವುದು ಕಷ್ಟ. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಅವ್ವನ ಎರಡೂ ಕಿಡ್ನಿ ಕೈಕೊಟ್ಟಾಗ, ಖಾನಾಪುರದಲ್ಲಿ ಹಂಚಿನ ವ್ಯಾಪಾರ ಮಾಡುವ ಈ ತಮ್ಮನೇ ಮುಂದೆ ಬಂದ. ಬೆಂಗಳೂರಿನ ಡಾಕ್ಟರು ಎಡದ್ದೋ ಬಲದ್ದೋ ಎಂದು ವಿವರಿಸಲು ಹೊರಟರೆ, "ನಿಮಗ ಯಾವುದು ಸಲೀಸೋ ಅದನ್ನ ತಗೋರ್ರಿ" ಎಂದು ಚಹಾ ಕುಡಿಯಲು ಎದ್ದುಹೋದ. ಅದೇ ಮನುಷ್ಯ, ಆಪರೇಷನ್ನಿಗೆ ಹೋಗುವ ವಿಮಾನದಲ್ಲಿ ಎಡಗಡೆ ಕೂಡಬೇಕೋ ಬಲಗಡೆಯೋ ಎಂದು ವಾರವಿಡೀ ನನ್ನ ತಲೆ ತಿಂದ! ಈಗ ಇಬ್ಬರೂ ಹುಷಾರಾಗಿದ್ದಾರೆ, ಅದಕ್ಕೇ ನಗುತ್ತ ಹೇಳುತ್ತಿದ್ದೇನೆ. ಆಗ ನಗು ಎಲ್ಲಿಂದ ಬರಬೇಕು?

ಅವ್ವನಿಗೆ ರೈಲು ಆಗದೆಂದು ವಿಮಾನ. ಮಾವನಿಗೂ ಅದು ಮೊದಲ ವಿಮಾನ. ಮೊಬೈಲಿನಲ್ಲಿ ಸೀಟುಗಳ ಚಿತ್ರ ತೋರಿಸಿದೆ.

"ಗಾಲಿ ಎಲ್ಲಿ ಬರತಾವು?" ಎಂದ. "ಗಾಲಿ ಮ್ಯಾಲಿನ ಸೀಟು ಬ್ಯಾಡ. ನಡಾ ಮುರೀತೈತಿ."

"ಮಾವಾ, ಮ್ಯಾಲೆ ತಗ್ಗು ಇರೂದಿಲ್ಲ."

"ನೀ ನೋಡಿ ಬಂದೀಯೇನು?"

ಮುಂದಿನ ಸಾಲು ಬೇಡ, ಢಿಕ್ಕಿಯಾದರೆ ಮೊದಲು ನಾವೇ. ರೆಕ್ಕೆಯ ಹತ್ತಿರ ಬೇಡ, ಕೆಳಗೇನೂ ಕಾಣುವುದಿಲ್ಲ. ಎಡಗಡೆ ಮುಂಜಾನೆಯ ಬಿಸಿಲು. ಕೊನೆಗೆ ಬಲಗಡೆ ಒಂದು ಕಿಟಕಿ ನಿಶ್ಚಯವಾಯಿತು. ಮರುದಿನ, ರವಿವಾರಪೇಟೆ ಎಂಬ ಬಜಾರಿನ ಬೇಳೆ ವ್ಯಾಪಾರಿಯೊಬ್ಬ, ಒಮ್ಮೆ ದಿಲ್ಲಿಗೆ ಹಾರಿದವನು, ಹಿಂದಿನ ಸೀಟೇ ಭದ್ರ ಎಂದನಂತೆ. ಮತ್ತೆ ಬದಲಿಸಿದೆ. ಹಿಂದೆ ಪಾಯಖಾನೆ ಇದೆ ಎಂದು ಯಾರೋ ಹೇಳಿದರು. ಮತ್ತೆ ಬದಲಿಸಿದೆ.

"ಲೇ, ಹಾರೂದು ಒಂದ್ ತಾಸು," ಎಂದಳು ಹಾಸಿಗೆಯಲ್ಲಿದ್ದ ಅವ್ವ. "ಅಲ್ಲೇನು ಸಂಸಾರ ಹೂಡಾಕ ಹೊಂಟಿಯೇನು?"

ಸಾಂಬ್ರಾ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಇನ್ನೊಂದು ಫಜೀತಿ. ಅಲ್ಲಿದ್ದ ಹುಡುಗಿಯನ್ನು ಮಾವ ಕೇಳಿದ: "ತಂಗೀ, ಒಂದ್ ಸಲ ಒಳಗ ಹೋಗಿ ಕುಂತ್ ನೋಡಿ ಬರಲೇನು? ಚಪ್ಪಲಿ ಅಂಗಡ್ಯಾಗ ಹಾಕ್ಕೊಂಡ ನೋಡೂದಿಲ್ಲೇನು?" ಆಕೆ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ವಿಮಾನ ಹತ್ತಿದವನೇ ನಮ್ಮನ್ನು ಹಿಂದೆ ಬಿಟ್ಟು ಓಡಿ, ಸೀಟಿನ ಮೇಲೆ ಟವೆಲ್ ಹಾಸಿದ.

"ನಂಬರ್ ಇರತೈತಿ ಮಾವಾ."

"ನಂಬರು ಸೀಟಿಗೆ ಇರತೈತಿ, ಮಂದಿಗೆ ಇರೂದಿಲ್ಲ."

ಅಂತೂ ಮಾವ ಕಿಟಕಿಗೆ, ನಡುವೆ ಅವ್ವ, ಈಚೆ ನಾನು. ವಿಮಾನ ಏರಿತು. ಮಾವ ಗಾಜಿಗೆ ಮೂಗು ಒತ್ತಿ ಖಾನಾಪುರ ಹುಡುಕತೊಡಗಿದ.

ಸ್ವಲ್ಪ ಹೊತ್ತಿಗೆ ಅವ್ವನ ತಲೆ ಅವನ ಹೆಗಲಿಗೆ ವಾಲಿತು. ಉಬ್ಬಸದಿಂದ ತಿಂಗಳುಗಟ್ಟಲೆ ನೆಟ್ಟಗೆ ಮಲಗದವಳಿಗೆ ಅಲ್ಲಿ ನಿದ್ದೆ ಹತ್ತಿತ್ತು. ವಿಮಾನ ಹೊರಳಿದಾಗ ಬಿಸಿಲು ನೇರ ಅವಳ ಮುಖಕ್ಕೆ ಬಿತ್ತು. ಮಾವ ಕಿಟಕಿಯ ಪರದೆ ಎಳೆದುಬಿಟ್ಟ.

"ಮಾವಾ, ಕೆಳಗ ನೋಡೂದಿಲ್ಲೇನು?"

"ಸುಮ್ನಿರು. ಅಕ್ಕಗ ನಿದ್ದಿ ಹತ್ತೇತಿ."

ಇಳಿಯುವ ಹೊತ್ತಿಗೆ ಗಗನಸಖಿ ಪರದೆ ತೆರೆಯಲು ಹೇಳಿದಳು. ತೆರೆದ. ತಲೆಯ ಟೊಪ್ಪಿಗೆ ತೆಗೆದು ಗಾಜಿಗೆ ಅಡ್ಡ ಹಿಡಿದ. ನಾ ಹಿಡೀತೀನಿ ಎಂದರೆ ತಲೆಯಾಡಿಸಿ ಬೇಡವೆಂದ.

ವಿಮಾನ ನಿಂತಿತು. ಜನ ಚೀಲ ಇಳಿಸಿಕೊಂಡು ಹೋದರು. ಮಾವ ಅಲುಗಾಡಲಿಲ್ಲ. ಎಲ್ಲ ಖಾಲಿಯಾದ ಮೇಲೆ ಅವ್ವ ತಾನಾಗಿಯೇ ಕಣ್ಣು ಬಿಟ್ಟಳು.

"ಬಂತೇನೋ?"

"ಈಗಷ್ಟ ಬಂತು, ಅಕ್ಕಾ," ಎಂದ ಮಾವ.